ಮಂಚು ಅಧಿಕಾರಿಯ ಬಗ್ಗುವಿಕೆ, ಮಣ್ಣೂರಿನವನ ಎಡವಟ್ಟು

ಬೀಜಿಂಗಿಗೆ ಬಂದ ಮರುದಿನವೇ ನಾನು ಒಬ್ಬ ಪ್ರೊಫೆಸರ್ ಕಿರುಚುವಂತೆ ಮಾಡಿದೆ. ವಿಭಾಗದ ಬಾಗಿಲಲ್ಲಿ ಗುವಾನ್ ಲಾವ್‌ಶಿ ಕಂಡರು. ಲಾವ್‌ಶಿ ಅಂದರೆ ಗುರುಗಳು. ಗುರುಗಳು ಅಂದಮೇಲೆ ನಾನು ಬಗ್ಗಿ ಕಾಲು ಮುಟ್ಟಿದೆ. ಆ ಮೇಡಂ ಹಾವು ಕಂಡವರ ಹಾಗೆ ಕಿರುಚಿ ಹಿಂದಕ್ಕೆ ಹಾರಿದರು. ಹಾರಿದ ರಭಸಕ್ಕೆ ಕೈಯಲ್ಲಿದ್ದ ಚಹಾ ನನ್ನ ಬೆನ್ನಿಗೆ. ಇಂಥ ಬಿಸಿ ಆಶೀರ್ವಾದ ಪಡೆದ ಮೊದಲ ಮಣ್ಣೂರಿನವ ನಾನೇ ಇರಬೇಕು.

ನಮ್ಮ ಅಫಜಲಪುರದ ಕಡೆ ಗುರುಗಳ ಕಾಲು ಮುಟ್ಟದಿದ್ದರೆ ಸೊಕ್ಕು ಅನ್ನುತ್ತಾರೆ. ಇಲ್ಲಿ ಮುಟ್ಟಿದರೆ ಗೇಲಿ ಅಂದುಕೊಂಡರು. ಚಕ್ರವರ್ತಿಯ ಮುಂದೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಹಚ್ಚುವ 'ಕೌತೌ' ಇಲ್ಲಿ ಹಿಂದೆ ಇತ್ತು. ಗುವಾನ್ ಅವರೋ ಮಂಚು ಮನೆತನದವರು, ಚೀನಾವನ್ನು ಕೊನೆಗೆ ಆಳಿದ ಚಕ್ರವರ್ತಿಗಳ ಜನಾಂಗದವರು. ಪರದೇಶಿ ಹುಡುಗ ಬಂದವನೇ ತಮ್ಮನ್ನು ಅಣಕಿಸಿದ ಅಂತ ಅವರಿಗೆ ಅನ್ನಿಸಿತು. ನಾನು ಓದಲು ಬಂದದ್ದೇ ಹಳೆಯ ಕಾಲದ ಒಬ್ಬ ಮಂಚು ಅಧಿಕಾರಿಯ ಬದುಕನ್ನು. ಮಾರ್ಗದರ್ಶಕರು ಅವರೇ. ಅವರು ಬೇಡ ಅಂದರೆ ವಿದ್ಯಾರ್ಥಿವೇತನ ಬಂದ್, ನಾನು ವಾಪಸ್.

ಜೇವರ್ಗಿಯಲ್ಲಿ ನರ್ಸ್ ಆಗಿರುವ ಅಕ್ಕನಿಗೆ ಫೋನ್ ಹಚ್ಚಿದೆ.

"ಕಾಲ್ ಮುಟ್ಟು ಅಂತ ನೀನs ಹೇಳಿದ್ದಿ ಬೇ!"

"ಮುಟ್ಟು ಅಂದಿದ್ದೆ ಲೇ ಸಂತ್ಯಾ, ಹೌಹಾರಿಸು ಅಂದಿದ್ದಿಲ್ಲ. ಹೋಗಿ ಮಾಫಿ ಕೇಳು."

ಕೇಳಲು ಹೋದೆ. ಕಲಿತ ಚೀನಿ ಭಾಷೆ ಪರೀಕ್ಷೆಯಲ್ಲಿ ಓಡುತ್ತಿತ್ತು, ಅವರೆದುರು ಕುಂಟಿತು. ಅವರು ಬೇಡವೆಂದು ತಲೆಯಾಡಿಸಿ ಬಾಗಿಲು ಹಾಕಿಕೊಂಡರು.

ಚಳಿ ಶುರುವಾದಾಗಿನಿಂದ ಗ್ರಂಥಾಲಯದಲ್ಲೇ ಕೂತೆ. ಹಾಸ್ಟೆಲ್ ರೂಮಿನಲ್ಲಿ ಕೂಡುವಂತಿರಲಿಲ್ಲ. ಲುಂಗಿ ಝಾಡಿಸಿದರೆ ನಾಲ್ಕೂ ಗೋಡೆ ಸ್ವಚ್ಛ, ಅಷ್ಟು ಸಣ್ಣದು. ಊಟದ ಕಥೆ ಕೇಳಲೇಬೇಡಿ. ಜೋಳ ಸಿಗುತ್ತದೆಂದು ಕುಣಿದೆ. ನೋಡಿದರೆ ಇವರು ಜೋಳದ ಸಾರಾಯಿ ತೆಗೆಯುತ್ತಾರೆ. ನಾವು ರೊಟ್ಟಿ ಬಡಿದು ತಿನ್ನುವುದನ್ನು ಇವರು ಇಳಿಸಿ ಕುಡಿಯುತ್ತಾರೆ.

ನಾನು ಓದುತ್ತಿದ್ದ ಅಧಿಕಾರಿ, ಮಂಚು ಮತ್ತು ಚೀನಿ ಭಾಷೆಗಳ ನಡುವೆ ಅನುವಾದ ಮಾಡುವ ಗುಮಾಸ್ತನಾಗಿ ಶುರು ಮಾಡಿದವ. ಕನ್ನಡ, ಉರ್ದು, ಮರಾಠಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಸಂತೆಯಲ್ಲಿ ಅವನಿಗೆ ಕೂಡಲೇ ಕೆಲಸ ಸಿಗುತ್ತಿತ್ತು. ಮುಂದೆ ದೊಡ್ಡವನಾದ, ಕೆಲಸ ಕಳೆದುಕೊಂಡ, ಚಕ್ರವರ್ತಿ ಮತ್ತೆ ಕರೆಸಿಕೊಂಡು ಅವನನ್ನು ರಷ್ಯಾಕ್ಕೆ ರಾಯಭಾರಿಯಾಗಿ ಕಳಿಸಿದ. ಅಲ್ಲಿಯ ದರ್ಬಾರಿನಲ್ಲಿ ಅಲ್ಲಿಯ ರಿವಾಜಿನಂತೆ ಬಗ್ಗಿದ. ಯಾಕೆಂದರೆ ಅದಕ್ಕೂ ಮೊದಲು ರಷ್ಯಾದ ರಾಯಭಾರಿ ಬೀಜಿಂಗಿನಲ್ಲಿ ಹಣೆ ನೆಲಕ್ಕೆ ಹಚ್ಚಿದ್ದು ಒಂದು ಕರಾರಿನ ಮೇಲೆ: ನಾಳೆ ನಿಮ್ಮವರು ನಮ್ಮಲ್ಲಿಗೆ ಬಂದರೆ ನಮ್ಮ ಪದ್ಧತಿ.

ನನ್ನ ಸಂಶೋಧನೆಯ ವಿಷಯಕ್ಕೆ ಒಪ್ಪಿಗೆ ಕೊಡುವ ಸಂದರ್ಶನದ ದಿನ ಬಂತು. ಗುವಾನ್ ಲಾವ್‌ಶಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಪಕ್ಕದ ಹಿರಿಯ ಪರೀಕ್ಷಕರು ಕೇಳಿದರು: "ಅಷ್ಟು ದೊಡ್ಡ ಸಾಮ್ರಾಜ್ಯದ ಅಧಿಕಾರಿ ಪರರಾಜ್ಯದಲ್ಲಿ ಬಗ್ಗಿದ್ದು ಅವಮಾನವಲ್ಲವೇ?"

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ತೊದಲುತ್ತಲೇ ಹೇಳಿದೆ: "ನಮ್ಮೂರಲ್ಲಿ ಬಗ್ಗುವುದು ಅರ್ಧ ಕೆಲಸ. ಎದುರಿಗಿದ್ದವರು ತಲೆ ಮೇಲೆ ಕೈಯಿಟ್ಟರೆ ಅದು ಪೂರ್ತಿ. ಕೈ ಬರುತ್ತದೆ ಅಂತ ನಂಬಿ ಬಗ್ಗುವವನಿಗೆ ಅವಮಾನ ಎಲ್ಲಿಯದು? ನನ್ನ ಅಧಿಕಾರಿಯೂ ಹಾಗೆ ಬಗ್ಗಿದವ."

ಗುವಾನ್ ಲಾವ್‌ಶಿ ತಿರುಗಿದರು. "ಹಾಗಾದರೆ ಆವತ್ತು ನಾನು ಕೈಯಿಡಬೇಕಿತ್ತೇ?"

"ಹೌದ್ರಿ," ಅಂದುಬಿಟ್ಟೆ, ಕನ್ನಡದಲ್ಲೇ. ಅರ್ಥವಾಗಲೆಂದು ನನ್ನ ತಲೆ ಮೇಲೆ ನಾನೇ ಕೈಯಿಟ್ಟು ತೋರಿಸಿದೆ. ಇಡೀ ಕೋಣೆ ನಕ್ಕಿತು. ಅವರು ಎದ್ದು ಬಂದು, ಇಸ್ತ್ರಿಪೆಟ್ಟಿಗೆ ಕಾದಿದೆಯೋ ನೋಡುವವರ ಹಾಗೆ, ನನ್ನ ನೆತ್ತಿ ಮುಟ್ಟಿದರು. "ಇವನಿಗೆ ನಾನೇ ಮಾರ್ಗದರ್ಶಕಿ," ಅಂದರು. ನನ್ನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು.

ಹೊರಗೆ ಬಂದವನೇ ಅಕ್ಕನಿಗೆ ಹೇಳಿದೆ.

"ಶಾಬಾಷ್! ಹಂಗಾರ ಊರಿಗೆ ಯಾವಾಗ ಬರ್ತಿ?"

"ಪಾಸಾದೆ ಅಂದ್ರ ಸದ್ಯಕ್ಕ ಬರಂಗಿಲ್ಲ ಅಂತ ಅಕ್ಕ."

ಅಂದವನೇ ಮೂಗು ಸೊರಕ್ಕೆಂದು ಎಳೆದುಕೊಂಡೆ. ಊರಿಗೆ ಕಳಿಸಿಬಿಡುತ್ತಾರೆ ಅಂತ ಇಷ್ಟು ದಿನ ನಡುಗಿದ್ದೆ. ಊರಿಗೆ ಹೋಗುವುದು ನನಗೆ ಯಾವಾಗ ಶಿಕ್ಷೆಯಾಯಿತು?

"ಅಳಾಕತ್ತೀಯೇನಲೇ?"

"ಇಲ್ಲಬೇ, ನಗಾಕತ್ತೇನಿ."

"ವಿಡಿಯೋ ಹಚ್ಚು, ನೋಡ್ತೇನಿ."

ಹಚ್ಚಿದೆ. ಕ್ಯಾಮೆರಾವನ್ನು ಅಂಗಳದ ಕಡೆ ತಿರುಗಿಸಿದೆ.

"ನನ್ನ ಮುಖ ಏನ್ ನೋಡ್ತಿ, ಬರ್ಫ ಬೀಳಾಕತ್ತದ, ಅದನ್ನ ನೋಡು."