ನೆಲ ಒರೆಸುವ ಯಂತ್ರಕ್ಕೊಂದು ಸರ್ವೆ

ನನ್ನ ಭಾವ ಸರ್ವೆ ಇಲಾಖೆಯಲ್ಲಿದ್ದವರು. ಯಾರ ಗದ್ದೆ ಎಲ್ಲಿ ಮುಗಿಯುತ್ತದೆ, ಯಾರ ಬೇಲಿ ಎಷ್ಟು ಒಳಗೆ ಬಂದಿದೆ ಎಂದು ಅಳೆದು ಹೇಳುವುದರಲ್ಲೇ ಅವರ ನೌಕರಿ ಮುಗಿಯಿತು. ನಿವೃತ್ತಿಗೆ ಮೊದಲೇ ಗ್ಲಾಕೋಮಾ ಶುರುವಾಗಿತ್ತು. ದೃಷ್ಟಿ ಅಂಚಿನಿಂದ ಕಡಿಮೆಯಾಗುತ್ತ ಬಂದು, ಈಗ ಕೆಲವು ವರ್ಷಗಳಿಂದ ಕಿಟಕಿ ಯಾವ ಕಡೆಗಿದೆ ಎಂಬಷ್ಟು ಮಾತ್ರ ಅವರಿಗೆ ತಿಳಿಯುತ್ತದೆ.

ಅಕ್ಕ ಭಾವ ಇರುವುದು ಹೊಸನಗರದ ಪೇಟೆಯಲ್ಲಿ. ಕಳೆದ ವರ್ಷ ಅಕ್ಕನ ಬಲಭುಜ ಹಿಡಿದುಕೊಂಡು, ಪೊರಕೆ ಹಿಡಿಯುವುದೂ ಕಷ್ಟವಾಯಿತು. ಆಗ ಭಾವ ಯಾರನ್ನೂ ಕೇಳದೆ ನೆಲ ಒರೆಸುವ ಕೆಲಸ ತಾವೇ ವಹಿಸಿಕೊಂಡರು. ಮಂಡಿಯೂರಿ, ಕೈಯಲ್ಲಿ ಒದ್ದೆಬಟ್ಟೆ ಹಿಡಿದು, ಗೋಡೆಯಿಂದ ಗೋಡೆಗೆ ಒರೆಸುತ್ತಿದ್ದರು. ನಡುಮನೆ ಎರಡು ಸಲ ಒರೆಸಿ ಆಗಿರುತ್ತಿತ್ತು, ಊಟದ ಕೋಣೆಯ ಒಂದು ಮೂಲೆ ಹಾಗೇ ಉಳಿದಿರುತ್ತಿತ್ತು. ಆ ಮೂಲೆಯ ಮಾತನ್ನು ಅಕ್ಕ ಅವರೆದುರು ಎತ್ತುತ್ತಿರಲಿಲ್ಲ. ನನಗೆ ಫೋನ್ ಮಾಡಿ ಹೇಳುತ್ತಿದ್ದಳು.

“ಇವ್ರ ಮಂಡಿ ಹೋಗತ್ತೆ ಕಣೇ. ಬೇಡ ಅಂದ್ರೆ ಕೇಳಲ್ಲ. ಅದೆಂತದೋ ತಾನೇ ಓಡಾಡಿ ಗುಡ್ಸಿ ಒರ್ಸೋ ಮಿಷನ್ ಬಂದಿದ್ಯಂತಲ್ಲ, ಯಾವ್ದು ಒಳ್ಳೇದು ನೋಡಿ ಹೇಳು. ಕಮ್ಮೀದು ಬೇಡ. ತಗಳೋದಾದ್ರೆ ಒಂದೇ ಸಲ ಒಳ್ಳೇದೇ ತಗಳೋಣ.”

ನಾನು ಸಾಗರದಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚು ಮಾಡುವ ಸಣ್ಣ ಪ್ರೆಸ್ ನಡೆಸುತ್ತೇನೆ. ಎರಡು ಪ್ರೂಫ್ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹುಡುಕದೆ ಬಿಡುವವಳಲ್ಲ. ಆದ್ದರಿಂದ ಮನೆಯಲ್ಲಿ ಮಿಕ್ಸಿಯಿಂದ ಹಿಡಿದು ಇನ್ವರ್ಟರ್‌ವರೆಗೆ ಯಾವುದನ್ನೇ ಕೊಳ್ಳುವುದಿದ್ದರೂ ನೋಡಿ ಹೇಳುವ ಕೆಲಸ ನನಗೇ ಬರುತ್ತದೆ. ಒಂದು ವಾರ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ವಿಡಿಯೋ ನೋಡಿದೆ. ಕೆಲವು ಯಂತ್ರಗಳ ನೆತ್ತಿಯ ಮೇಲೆ ಪುಟ್ಟ ಗೋಪುರವಿದ್ದು, ಅದರೊಳಗಿಂದ ಲೇಸರ್ ಸುತ್ತುತ್ತ ಗೋಡೆ ಎಷ್ಟು ದೂರವಿದೆ ಎಂದು ಅಳೆಯುತ್ತದೆ. ಇನ್ನು ಕೆಲವಕ್ಕೆ ಮುಂದೆ ಕ್ಯಾಮೆರಾ. ಒರೆಸುವುದರಲ್ಲೂ ಬೇರೆಬೇರೆ ರೀತಿ. ಒಂದರ ಹೊಟ್ಟೆಯಡಿ ಎರಡು ದುಂಡು ಬಟ್ಟೆಗಳು ಗರಗರ ತಿರುಗಿದರೆ, ಇನ್ನೊಂದರಲ್ಲಿ ಒಂದೇ ಉದ್ದನೆಯ ಉರುಳೆ ಉರುಳುತ್ತಲೇ ತನ್ನನ್ನು ತಾನು ತೊಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವೂ ತಮ್ಮ ಪೆಟ್ಟಿಗೆಗೆ ಮರಳಿ, ಕಸ ಸುರಿದು, ಬಿಸಿನೀರಲ್ಲಿ ಬಟ್ಟೆ ತೊಳೆದು, ಗಾಳಿಯಲ್ಲಿ ಒಣಗಿಸಿಕೊಂಡು ಸುಮ್ಮನಾಗುತ್ತವೆ.

ಇದನ್ನೆಲ್ಲ ಫೋನಿನಲ್ಲಿ ವಿವರಿಸುತ್ತಿದ್ದಾಗ ಅಕ್ಕನ ಕೈಯಿಂದ ಫೋನು ಭಾವನ ಕೈಗೆ ಹೋಯಿತು.

“ಅದಕ್ಕೆ ಬೆಳಕು ಬೇಕಾ?” ಎಂದು ಕೇಳಿದರು.

“ಅಂದ್ರೆ ಭಾವ?”

“ನಾನೊಬ್ಬನೇ ಇದ್ದಾಗ ಲೈಟ್ ಹಾಕೋದೇ ಮರ್ತಿರ್ತೀನಿ. ಮಳೆ ದಿನ ನಮ್ಮನೆ ಹಗಲಲ್ಲೂ ಕತ್ಲು ಅಂತ ನಿಮ್ಮಕ್ಕ ಹೇಳ್ತಾಳೆ. ಆಗ ಅದು ದಾರಿ ತಪ್ಪಿ ನಿಂತ್ಕೊಂಡ್ರೆ?”

ನಾನು ನೋಡಿದ ಯಾವ ವಿಡಿಯೋದಲ್ಲೂ ಈ ಪ್ರಶ್ನೆ ಇರಲಿಲ್ಲ. ಎಲ್ಲರ ಮನೆಯಲ್ಲೂ ದೀಪಗಳು ಝಗಝಗ ಉರಿಯುತ್ತಿದ್ದವು. ಗೊತ್ತಿಲ್ಲ ಎಂದೆ. “ಹಂಗಾದ್ರೆ ಯಾರ ಮನೇಲಾದ್ರೂ ಇದ್ರೆ ಹೋಗಿ ನೋಡೋಣ, ನಾನೂ ಬರ್ತೀನಿ” ಎಂದರು.

ಹೀಗೆ ಹೆಣ್ಣು ನೋಡಲು ಹೋದವರ ಹಾಗೆ ನಾವಿಬ್ಬರು ಯಂತ್ರ ನೋಡಲು ಹೊರಟೆವು. ಭುಜದ ನೋವಿನಿಂದ ಅಕ್ಕ ಕಾರು ಹತ್ತಲಿಲ್ಲ.

ಮೊದಲ ಮನೆ ಸಾಗರದಲ್ಲೇ. ನನ್ನಲ್ಲಿ ಔಷಧದ ಚೀಟಿ ಪುಸ್ತಕ ಅಚ್ಚು ಹಾಕಿಸುವ ಹಲ್ಲಿನ ಡಾಕ್ಟರಮ್ಮ ಕ್ಯಾಮೆರಾದ, ಉರುಳೆಯ ಯಂತ್ರ ಇಟ್ಟುಕೊಂಡಿದ್ದರು. ಭಾವ ಸೋಫಾದಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಚಕ್ರ, ಬುರುಸು, ಉರುಳೆ ಎಲ್ಲವನ್ನೂ ಬೆರಳಲ್ಲಿ ತಡವಿ ನೋಡಿದರು. ಆಮೇಲೆ ನೆಲಕ್ಕಿಟ್ಟು, “ಬಿಡಿ ನೋಡೋಣ” ಎಂದರು.

ಡಾಕ್ಟರಮ್ಮನಿಗೂ ಹುರುಪು ಬಂತು. ಒಂದು ಚಮಚ ಸಾಂಬಾರು ತಂದು ಟೈಲ್ಸ್ ಮೇಲೆ ಚೆಲ್ಲಿಯೇ ಬಿಟ್ಟರು. ಯಂತ್ರ ಬಂತು, ಅಲ್ಲೇ ಒಂದೆರಡು ಸಲ ಹಿಂದೆ ಮುಂದೆ ಓಡಾಡಿತು, ಹೋಯಿತು. ಭಾವ ಆ ಜಾಗಕ್ಕೆ ಅಂಗೈ ಹಚ್ಚಿ, ಬೆರಳು ಮೂಸಿ, “ಇಂಗಿನ ವಾಸ್ನೆನೂ ಇಲ್ವಲ್ಲ!” ಎಂದರು. ಅವರ ಕೋಲನ್ನು ಅಡ್ಡ ಇಟ್ಟೆ, ಅದು ಬಳಸಿಕೊಂಡು ಹೋಯಿತು. ಚಪ್ಪಲಿ ಇಟ್ಟೆ, ಅದನ್ನೂ ಬಳಸಿತು. ನನಗೆ ಅಲ್ಲೇ ಮನಸ್ಸಾಗಿತ್ತು.

“ಈಗ ಕಿಟಕಿ ಹಾಕಿ” ಎಂದರು ಭಾವ.

ಕಿಟಕಿ ಹಾಕಿ, ಪರದೆ ಎಳೆದು, ದೀಪ ಆರಿಸಿದೆವು. ಆ ಮಾದರಿಗೆ ಸ್ವಂತ ದೀಪ ಇರಲಿಲ್ಲ. ಅಷ್ಟು ಚುರುಕಾಗಿದ್ದ ಯಂತ್ರ ಸ್ವಲ್ಪ ದೂರ ಹೋಗಿ ಕುರ್ಚಿಯ ಕಾಲಿಗೆ ಬಡಿಯಿತು, ತಿರುಗಿ ಗೋಡೆಗೆ ಬಡಿಯಿತು, ಕೊನೆಗೆ ನಡುವೆ ನಿಂತು ಇಂಗ್ಲಿಷಿನಲ್ಲಿ ಸಹಾಯ ಕೇಳಿತು.  ಭಾವ ಸದ್ದು ಬಂದ ಕಡೆಗೆ ನಡೆದುಹೋಗಿ, ಅದನ್ನೆತ್ತಿ ತಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟರು. “ಪಾಪ, ಅಭ್ಯಾಸ ಇಲ್ಲ ಅದಕ್ಕೆ” ಎಂದರು.

ಮುಂದಿನ ವಾರ ತೀರ್ಥಹಳ್ಳಿಗೆ ಹೋದೆವು. ಅಲ್ಲಿ ನನ್ನ ಹೈಸ್ಕೂಲು ಗೆಳತಿಯ ಮನೆಯಲ್ಲಿ ಗೋಪುರದ ಯಂತ್ರ ಇತ್ತು. ಮನೆಯ ಅರ್ಧ ಹೊಸದು, ಅರ್ಧ ಹಳೆಯದು. ಇಲ್ಲಿ ಭಾವ ಮೊದಲೇ ಕಿಟಕಿ ಹಾಕಿಸಿದರು. ಯಂತ್ರ ಲೆಕ್ಕಿಸಲೇ ಇಲ್ಲ. ಕತ್ತಲಲ್ಲಿ ಗೋಡೆಗುಂಟ ನೇರವಾಗಿ ಹೋಗಿ, ಮೂಲೆಯಲ್ಲಿ ತಿರುಗಿ, ಮತ್ತೆ ನೇರ ಬಂತು. ಲೇಸರ್ ಹೋಗಿ ಗೋಡೆಗೆ ತಾಗಿ ಮರಳುವುದನ್ನು ಲೆಕ್ಕ ಹಾಕಿ ದೂರ ತಿಳಿಯುತ್ತದಂತೆ ಎಂದು ನಾನು ಹೇಳಿದ್ದೇ ತಡ, ಭಾವ ಎದ್ದು ನಿಂತರು.

“ಟೋಟಲ್ ಸ್ಟೇಷನ್! ಕೊನೆಕೊನೆಗೆ ಜಮೀನು ಅಳೆಯಕ್ಕೆ ನಮಗೂ ಅದೇ ಮಿಷನ್ ಕೊಟ್ಟಿದ್ರು. ಮುಕ್ಕಾಲು ಸರ್ವಿಸೆಲ್ಲ ಸರಪಳಿ ಎಳ್ದು ಎಳ್ದು ಕೈಯೆಲ್ಲ ಬೊಕ್ಕೆ ಬಂದಿತ್ತು. ಎಲ್ಲಿ, ನಕ್ಷೆ ತೆಗೆಯತ್ತಾ ಇದು?”

ಗೆಳತಿಯ ಫೋನಿನಲ್ಲಿ ಮನೆಯ ನಕ್ಷೆ ಮೂಡಿತ್ತು. ನಾನು ಓದುತ್ತ ಹೋದೆ. ಮುಂಬಾಗಿಲಿಂದ ಒಳಗೆ ಬಂದರೆ ಚೌಕದ ಕೋಣೆ, ಬಲಕ್ಕೆ ಅಡುಗೆಮನೆ, ಎಡಕ್ಕೆ ಮಲಗುವ ಕೋಣೆ, ಅದರಾಚೆ ಇನ್ನೊಂದು ಸಣ್ಣ ಕೋಣೆ. ಭಾವ ತಡೆದರು. ಆ ಮಲಗುವ ಕೋಣೆಯನ್ನು ಅವರು ಆಗಲೇ ನಡೆದು ನೋಡಿದ್ದರು.

“ಅದರಾಚೆ ಕೋಣೆ ಎಲ್ಲಿ ಬಂತು? ಅಲ್ಲಿ ಹೊರಗಿನ ಗೋಡೆ ಅಲ್ವಾ? ಹಿತ್ತಲ ಕೋಳಿ ಸದ್ದು ಕೇಳ್ತಿತ್ತು.”

“ಹೌದು ಭಾವ, ಅಲ್ಲಿ ಕೋಣೆ ಇಲ್ಲ” ಎಂದಳು ಗೆಳತಿ. ಅವಳಿಗೂ ಆಶ್ಚರ್ಯ. ಅಷ್ಟು ದಿನ ಆ ನಕ್ಷೆಯನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಮೂವರೂ ಹೋಗಿ ನಿಂತೆವು. ಗೋಡೆಗೆ ನೆಲದವರೆಗೂ ಕನ್ನಡಿಯಿರುವ ಬೀರು ಇತ್ತು. ಲೇಸರ್ ಬೆಳಕು ಕನ್ನಡಿಗೆ ತಾಗಿ ತಿರುಗಿ ಬೇರೆಲ್ಲಿಗೋ ಹೋಗಿ ಬಂದಿತ್ತು. ಯಂತ್ರ ಅದನ್ನೇ ನಂಬಿ ಆಚೆಗೊಂದು ಕೋಣೆ ಬರೆದಿತ್ತು. ಭಾವ ಕನ್ನಡಿಯ ಮೇಲೆ ಕೈಯಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಲ್ಲದ ಜಾಗಕ್ಕೆ ಪಹಣಿ ಮಾಡಿದೆ ಮಾರಾಯ್ತಿ!”

ಹಳೆಯ ಭಾಗದಲ್ಲಿ ಇನ್ನೊಂದು ತೊಡಕು ಸಿಕ್ಕಿತು. ಅಲ್ಲಿ ಕೆಂಪು ಗಾರೆ ನೆಲ, ಸುತ್ತಲೂ ಅಗಲವಾದ ಕಪ್ಪು ಪಟ್ಟಿ. ಯಂತ್ರ ಕಪ್ಪು ಪಟ್ಟಿಯ ಹತ್ತಿರ ಬಂದು ಗಕ್ಕನೆ ನಿಂತು ಹಿಂದೆ ಸರಿಯುತ್ತಿತ್ತು. ಕಪ್ಪು ಬಣ್ಣ ಅದರ ಕಣ್ಣಿಗೆ ಮೆಟ್ಟಿಲ ಅಂಚಿನಂತೆ, ಆಚೆ ಗುಂಡಿಯಿದ್ದಂತೆ ಕಾಣುತ್ತದಂತೆ. ಅದೂ ಅಲ್ಲದೆ ನೆಲದ ಮೇಲೆ ಬಿದ್ದಿದ್ದ ಫೋನ್ ಚಾರ್ಜರಿನ ವೈರನ್ನು ಕಾಣದೆ ನುಂಗಿ ಒದ್ದಾಡಿತು. ಗೆಳತಿ ಕತ್ತರಿ ತಂದಳು.

ವಾಪಸು ಬರುವಾಗ ಭಾವ ಕಾರಿನ ಸೀಟಿಗೆ ಒರಗಿ ಕೂತಿದ್ದರು. ದಣಿದಿದ್ದಾರೆ ಎಂದುಕೊಂಡೆ.

“ನಾನು ಎಂತಕ್ಕೆ ನೆಲ ಒರೆಸ್ತೀನಿ ಅಂತ ನಿಮ್ಮಕ್ಕ ತಿಳ್ಕೊಂಡಿದಾಳೆ?” ಎಂದು ಕೇಳಿದರು.

“ಅವಳಿಗೆ ಕಷ್ಟ ಆಗ್ಬಾರ್ದು ಅಂತ.”

“ಅದೂ ಹೌದು. ಆದ್ರೆ ನೋಡು, ಕಣ್ಣು ಹೋದ ಮೇಲೆ ನಾನು ಬಾಗಿಲಿಂದ ಕುರ್ಚಿ, ಕುರ್ಚಿಯಿಂದ ಮಂಚ, ಅಷ್ಟರಲ್ಲೇ ಓಡಾಡ್ತಿದ್ದೆ. ಉಳಿದ ಮನೆ ಮರ್ತೇ ಹೋಗ್ತಾ ಇತ್ತು. ಮಂಚದ ಕೆಳಗೆ, ಬೀರಿನ ಹಿಂದೆ ಏನಿದೆ ಗೊತ್ತಿರ್ಲಿಲ್ಲ. ಒರೆಸಕ್ಕೆ ಶುರು ಮಾಡಿದ ಮೇಲೆ ಮತ್ತೆ ಕೈಗೆ ಸಿಕ್ತು.”

 ಹಾಗಿದ್ದರೆ ಯಂತ್ರವೇ ಬೇಡವೇ ಎಂದು ಕೇಳಿದೆ.

“ಬೇಡ ಅಂದ್ನಾ ನಾನು? ಎಲ್ಲ ಒರೆಸಕ್ಕೆ ಮಂಡಿ ಕೇಳಲ್ಲ. ಆಮೇಲೆ ನಿಮ್ಮಕ್ಕ ಮಣೆನೋ ಬಕೆಟ್ಟೋ ನಡುದಾರಿಲಿ ಬಿಟ್ಟಿರ್ತಾಳೆ, ಹೋದ ತಿಂಗ್ಳು ಎಡವಿ ಬಿದ್ದೆ. ನನಗಿಂತ ಮುಂಚೆ ಒಬ್ರು ಹೋಗಿ ಬಂದ್ರೆ ಒಳ್ಳೇದೇ. ಅದು ಹೆಂಗೆ ಹೋಗತ್ತೆ ಅಂತ ನೋಡ್ಬೇಕು ನನಗೆ.”

ಕೊನೆಗೆ ನಾವು ತರಿಸಿದ್ದು ಮೂರನೆಯ ಯಂತ್ರ. ಅದಕ್ಕೆ ಲೇಸರೂ ಇತ್ತು, ಮುಂದೆ ಕ್ಯಾಮೆರಾವೂ ಇತ್ತು, ಕತ್ತಲಲ್ಲಿ ಹೊತ್ತಿಕೊಳ್ಳುವ ಪುಟ್ಟ ದೀಪವೂ ಇತ್ತು. ಒರೆಸುವುದು ಉರುಳೆಯಿಂದ. ಪಾರ್ಸೆಲ್ ಬಂದ ದಿನ ನಾನು ಅಂಗಡಿ ಬಾಗಿಲು ಹಾಕಿ ಹೊಸನಗರಕ್ಕೆ ಹೋದೆ. ಅಕ್ಕ ಪೆಟ್ಟಿಗೆಯ ಗಾತ್ರ ನೋಡಿ, “ಇದಕ್ಕೇ ಒಂದು ಕೋಣೆ ಬೇಕಲ್ಲೇ!” ಎಂದಳು. ಯಂತ್ರ ಮನೆಯೆಲ್ಲ ಸುತ್ತಿ ನಕ್ಷೆ ಬರೆಯಿತು. ನಡುಮನೆಯಲ್ಲಿ ಮಾತ್ರ ನಾನು ಹೆದರಿದ್ದೇ ಆಯಿತು. ಅಲ್ಲಿಯೂ ಗಾರೆ ನೆಲಕ್ಕೆ ಕಪ್ಪು ಪಟ್ಟಿ, ಅಲ್ಲಿಯೂ ಅದು ಅಂಚಿಗೆ ಬಂದು ನಿಂತಿತು. ಅಡಿಯ ಸೆನ್ಸರಿಗೆ ಬಿಳಿ ಟೇಪು ಅಂಟಿಸಿದರೆ ಪಟ್ಟಿ ದಾಟುತ್ತದೆ ಎಂದು ಯಾರೋ ಬರೆದದ್ದನ್ನು ಓದಿದ್ದೆ. ಆದರೆ ಹಾಗೆ ಮಾಡಿದರೆ ಜಗಲಿಯ ಮೆಟ್ಟಿಲೂ ಅದಕ್ಕೆ ತಿಳಿಯದೆ ಕೆಳಗೆ ಬೀಳುತ್ತದೆ ಎಂದು ಬಿಟ್ಟೆ. ಅಕ್ಕನಿಗೆ ಬೇಸರವಾಯಿತು.

ಭಾವನಿಗೆ ನಕ್ಷೆಯದೇ ಧ್ಯಾನ. ನಾನು ಬಾಯಲ್ಲಿ ಹೇಳಿದ್ದು ಸಾಲದು ಎಂದರು. ಅದನ್ನು ಫೋನಿನಲ್ಲಿ ಸಾಗರಕ್ಕೆ ತಂದು, ಲಗ್ನಪತ್ರಿಕೆಯ ಹೆಸರುಗಳನ್ನು ಉಬ್ಬಿಸುವ ಹಾಗೆ, ಹಸಿ ಶಾಯಿಯ ಮೇಲೆ ಪುಡಿ ಉದುರಿಸಿ ಬಿಸಿ ಮಾಡಿ, ಗೆರೆಗಳು ಬೆರಳಿಗೆ ಸಿಗುವಂತೆ ದಪ್ಪ ರಟ್ಟಿನ ಮೇಲೆ ಅಚ್ಚು ಮಾಡಿದೆ. ಮೊದಲ ಪ್ರತಿಯಲ್ಲಿ ಗೆರೆ ಒಂದಕ್ಕೊಂದು ಅಂಟಿಕೊಂಡವು. ಎರಡನೆಯದು ಸರಿಯಾಯಿತು.

ಆ ರಟ್ಟನ್ನು ಭಾವ ಊಟದ ಮೇಜಿನ ಮೇಲಿಟ್ಟುಕೊಂಡು ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ಬೆರಳು ಮುಂಬಾಗಿಲಿಂದ ಹೊರಟು ಗೋಡೆಗುಂಟ ನಿಧಾನ ಹೋಯಿತು. “ಇದು ದೇವರ ಕೋಣೆ. ಇದು ಬಚ್ಚಲ ಬಾಗಿಲು. ಇದೆಂತದು ಇಲ್ಲಿ ಗೋಡೆ ಉಬ್ಬಿದೆ? ಓ, ಅಕ್ಕಿ ಡಬ್ಬಿ ಇಟ್ಟಿದೀರಿ.” ಅಕ್ಕ ಅವರ ಹಿಂದೆ ನಿಂತು ನೋಡುತ್ತಿದ್ದಳು. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ತಾನೂ ಕಣ್ಣು ಮುಚ್ಚಿ ರಟ್ಟಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಅಡುಗೆಮನೆಯೇ ಸಿಗಲಿಲ್ಲ. ಭಾವ ಅವಳ ಬೆರಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋದರು.

“ಪೋಡಿ ಮಾಡೋಣ” ಎಂದರು ಆಮೇಲೆ. ಒಂದೇ ಜಮೀನನ್ನು ಪಾಲುದಾರರಿಗೆ ಅಳೆದು ಬೇರೆ ಮಾಡಿಕೊಡುವುದಕ್ಕೆ ಅವರ ಇಲಾಖೆಯಲ್ಲಿ ಹಾಗನ್ನುತ್ತಾರೆ. “ಟೈಲ್ಸ್ ಹಾಕಿದ ಕೋಣೆಯೆಲ್ಲ ಅದಕ್ಕೆ. ನಡುಮನೆ ನನಗೆ. ಗಡಿ ಹಾಕು.”

ಅವರು ಹೇಳಿದಂತೆ ನಾನು ಫೋನಿನಲ್ಲಿ ಯಂತ್ರ ದಾಟಬಾರದ ಗೆರೆ ಎಳೆದೆ. ಒಂದು ಕಡೆ ಗೆರೆ ಸ್ವಲ್ಪ ಓರೆಯಾಗಿದೆ ಎಂದು ನಾನು ಹೇಳಿದಾಗ ಅವರು ಬಿಡಲಿಲ್ಲ. ಅಳಿಸಿ ಮತ್ತೆ ಎಳೆಸಿದರು.

ಈಗ ಬೆಳಗಿನ ಕಾಫಿಯಾದ ಮೇಲೆ ಯಂತ್ರ ಹೊರಡುತ್ತದೆ. ಭಾವ ನಡುಮನೆಯಲ್ಲಿ ಬಟ್ಟೆ ಹಿಡಿದು ಕೂತು ಅದರ ಸದ್ದಿಗೆ ಕಿವಿಕೊಟ್ಟಿರುತ್ತಾರೆ. ಸದ್ದು ಎಲ್ಲಾದರೂ ತಡೆದು ಬಳಸಿದರೆ, “ಇವಳೇ, ಊಟದ ಕೋಣೇಲಿ ಎಂತದೋ ಬಿಟ್ಟಿದೀಯ” ಎನ್ನುತ್ತಾರೆ. ಅಕ್ಕ ಹೋಗಿ ನೋಡಿದರೆ ಮಣೆಯೋ ತೆಂಗಿನಕಾಯಿಯೋ ಇರುತ್ತದೆ. ಒಮ್ಮೊಮ್ಮೆ ಏನೂ ಇರುವುದಿಲ್ಲ. ಏನನ್ನು ಕಂಡು ಸುತ್ತಿಬಳಸಿತು ಎಂಬ ಚರ್ಚೆ ತಿಂಡಿಯವರೆಗೂ ನಡೆಯುತ್ತದೆ.

ಹೋದ ತಿಂಗಳು ಭಾವನ ಫೋನ್ ಬಂತು. ಹುಂಚದಲ್ಲಿರುವ ಅವರ ಹಳೆಯ ಸಹೋದ್ಯೋಗಿಯೊಬ್ಬರಿಗೆ ಇಂಥದೇ ಯಂತ್ರ ಬೇಕಂತೆ, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದರಂತೆ. “ಮನೆ ನೋಡದೆ ಹೆಂಗೆ ಹೇಳೋದು ಅಂದೆ. ಭಾನುವಾರ ಕಾರು ತಗೊಂಡು ಬಾ.”

ಭುಜದ ನೋವು ಸ್ವಲ್ಪ ಕಡಿಮೆಯಾಗಿದ್ದರಿಂದ ಈ ಸಲ ಅಕ್ಕನೂ ಬಂದಳು. ಹುಂಚದ ಆ ಮನೆಯಲ್ಲಿ ಪ್ರತಿ ಬಾಗಿಲಿಗೂ ಮೊಣಕಾಲ ಅರ್ಧ ಎತ್ತರದ ಹೊಸ್ತಿಲು, ನಡುವೆ ಎರಡು ಕಡೆ ಮೆಟ್ಟಿಲು. ಭಾವ ಒಂದೊಂದು ಹೊಸ್ತಿಲನ್ನೂ ಗೇಣಿನಲ್ಲಿ ಅಳೆದು ನೋಡಿ, ಎಷ್ಟೇ ಒಳ್ಳೆಯ ಯಂತ್ರ ತಂದರೂ ಇಲ್ಲಿ ಕೋಣೆಯಿಂದ ಕೋಣೆಗೆ ಎತ್ತಿಕೊಂಡೇ ತಿರುಗಬೇಕಾಗುತ್ತದೆ ಎಂದರು. ಆ ಮನೆಯ ಯಜಮಾನರು ಸ್ವಲ್ಪ ಪೆಚ್ಚಾದರು. ಅವರ ಹೆಂಡತಿ ಒಳಗಿಂದ, “ನಾನು ಮೊದ್ಲೇ ಹೇಳಿದ್ದೆ” ಎಂದರು. ನಾವು ಕೈಕಾಲು ತೊಳೆದು ಊಟಕ್ಕೆ ಕೂತೆವು.