ಲಸಿಕೆ ಪೆಟ್ಟಿಗೆಗೆ ಒಂದು ದಿನದ ರಜೆ

ರಾಮವ್ವನಿಗೆ ಯಾವ ಯಂತ್ರವನ್ನೂ ಸುಮ್ಮನೆ ದಾಟಿ ಹೋಗಲು ಬರುವುದಿಲ್ಲ. ಗಿರಣಿಗೆ ಜೋಳ ಒಯ್ದರೆ ಪಟ್ಟಿ ಯಾವ ಕಡೆಗೆ ತಿರುಗುತ್ತದೆ ಎಂದು ಬಗ್ಗಿ ನೋಡುತ್ತಾಳೆ. ಬಸ್ಸು ಹತ್ತಿದರೆ ಮುಂದಿನ ಸೀಟೇ ಬೇಕು, ಗೇರ್ ಹಾಕುವ ಕೈ ಕಾಣಬೇಕು. ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಅವಳು ಹನ್ನೊಂದು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಿದ್ದಾಳೆ. ಅಲ್ಲಿ ಅವಳಿಗೆ ದೊಡ್ಡ ಸೋಜಿಗವೆಂದರೆ ಲಸಿಕೆ ಇಡುವ ತಂಪುಪೆಟ್ಟಿಗೆ. ಮೇಲಿನಿಂದ ಮುಚ್ಚಳ ತೆರೆಯುವ, ಟ್ರಂಕಿನಂಥ ಬಿಳಿ ಪೆಟ್ಟಿಗೆ. ಯಾವಾಗ ಹೋದರೂ ಗುಂಯ್‌ಗುಡುತ್ತಿರುತ್ತದೆ. ಅದರೊಳಗಿನ ಪೋಲಿಯೊ ಲಸಿಕೆಯ ಎರಡು ಹನಿ ತಾನು ಚಿಕ್ಕವಳಿದ್ದಾಗ ಊರಿಗೆ ಬಂದಿದ್ದರೆ ತಮ್ಮ ಸಿದ್ಧರಾಮ ಇಂದು ಕೋಲೂರಿ ನಡೆಯುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತು. ಅದನ್ನು ಒರೆಸುವಾಗ ಅವಳ ಕೈ ತುಸು ನಿಧಾನವಾಗುತ್ತದೆ.

ಅವಳದು ಕುರಿ ಸಾಕುವ ಮನೆತನ. ದಸರೆಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ, ಗಂಡ ಮಾಳಿಂಗಪ್ಪ ಉಣ್ಣೆಯ ಕತ್ತರಿ, ಕೊಡಲಿ, ಕುಡಗೋಲುಗಳನ್ನು ತೊಳೆದು, ಭಂಡಾರದ ಅರಿಸಿನ ಹಚ್ಚಿ, ಕಂಬಳಿಯ ಮೇಲೆ ಮಲಗಿಸುತ್ತಾನೆ. ಮರುದಿನ ಬನ್ನಿ ಕೊಡುವ ತನಕ ಯಾರೂ ಅವನ್ನು ಕೆಲಸಕ್ಕೆ ಎತ್ತುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದೊಂದು ದಿನ ವಿಶ್ರಾಂತಿ.

ಈ ವರ್ಷ ಲಸಿಕೆ ಕೋಣೆಯ ಕೀಲಿ ಮೊದಲ ಸಲ ರಾಮವ್ವನ ಕೈಗೆ ಬಂದಿತ್ತು. ಖಂಡೆಪೂಜೆಯ ಬೆಳಿಗ್ಗೆ ಹತ್ತಕ್ಕೆ ಅವಳು ಪೆಟ್ಟಿಗೆಯನ್ನು ಒರೆಸಿ, ಭಂಡಾರ ಹಚ್ಚಿ, ಚೆಂಡುಹೂವಿಟ್ಟು, ಊದುಬತ್ತಿ ಬೆಳಗಿದಳು. ಆಮೇಲೆ, "ನೀನೂ ಇವತ್ತೊಂದಿನ ಸುಮ್ಮಕಿರವಾ" ಎಂದು ಗೋಡೆಯ ಸ್ವಿಚ್ಚು ಆರಿಸಿ, ಬಾಗಿಲಿಗೆ ಕೀಲಿ ಹಾಕಿಕೊಂಡು ಮನೆಗೆ ಹೋದಳು.

ನರ್ಸ್ ಸುನೀತಾ ಇರುವುದು ಕೇಂದ್ರದ ಹಿಂದಿನ ಕ್ವಾರ್ಟರ್ಸಿನಲ್ಲೇ. ರಜೆಯಿದ್ದರೂ ದಿನಕ್ಕೆರಡು ಸಲ, ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ಐದಕ್ಕೆ, ಪೆಟ್ಟಿಗೆಯೊಳಗಿನ ಉಷ್ಣತೆಯನ್ನು ಬರೆದಿಡುವುದು ಅವಳ ಕೆಲಸ. ಸಂಜೆ ರಾಮವ್ವ ಬಂದು ಬಾಗಿಲು ತೆರೆದಳು. ಸುನೀತಾ ಹೊಸ್ತಿಲಲ್ಲೇ ನಿಂತಳು.

"ಯಾಕ ಸಪ್ಪಳಾನ ಇಲ್ಲ? ಕರೆಂಟ್ ಐತೆಲ್ಲ?"

"ನಾನಾ ಬಂದ್ ಮಾಡೇನ್ರಿ ಅಕ್ಕಾರ. ಖಂಡೆಪೂಜಿ ಅಲ್ರಿ ಇವತ್ತ?"

"ಅಯ್ಯ ರಾಮಕ್ಕಾ! ನಾಡಿದ್ದ ಮೂವತ್ತೆಂಟು ಕೂಸುಗೋಳಿಗೆ ಲಸಿಕಿ ಹಾಕೂದೈತಿ. ಇದೇನ ಕುಡಗೋಲೇನವಾ, ಮಲಗಸಾಕ?"

ರಾಮವ್ವ ಪೆಟ್ಟಿಗೆಯ ಹತ್ತಿರ ಓಡಿದಳು. "ಎಲ್ಲಾ ಕೆಟ್ಟು ಹೋದ್ವೇನ್ರಿ?"

"ಎರಡರಿಂದ ಎಂಟು ಡಿಗ್ರಿಯೊಳಗ ಇರಬೇಕು. ಎಂಟು ದಾಟಿತ್ತಂದ್ರ ಮುಗೀತು."

ಪೆಟ್ಟಿಗೆ ಏಳು ತಾಸು ಬಂದ್ ಆಗಿತ್ತು. ಹೊರಗೆ ಮೂವತ್ತೆರಡು ಡಿಗ್ರಿ. ಸುನೀತಾ ಮೊದಲು ಸ್ವಿಚ್ಚು ಹಾಕಿ, ಮುಚ್ಚಳ ಎತ್ತಿ, ಒಳಗಿನ ಥರ್ಮಾಮೀಟರಿನತ್ತ ಬಗ್ಗಿದಳು.

"ಐದು."

"ಐದಂದ್ರ ಉಳದ್ವೋ, ಸತ್ವೋ?"

"ಉಳದಂಗ ಕಾಣ್ತಾವ."

ಸುನೀತಾ ಫೋನ್ ಮಾಡಿ ಕೇಳಿದಾಗ ಕೇಂದ್ರದ ಡಾಕ್ಟರು ಪ್ರತಿ ಸೀಸೆಯ ಚೀಟಿಯನ್ನೂ ನೋಡಲು ಹೇಳಿದರು. ಚೀಟಿಯ ಮೇಲೊಂದು ಬಣ್ಣದ ಚುಕ್ಕೆ, ಅದರ ನಡುವೆ ಒಂದು ಪುಟ್ಟ ಚೌಕ. ಚೌಕ ಬೆಳ್ಳಗಿದ್ದರೆ ಲಸಿಕೆ ಚೆನ್ನಾಗಿದೆ. ಕಾವು ತಗುಲಿದಷ್ಟೂ ಅದು ಕಪ್ಪಾಗುತ್ತ ಹೋಗಿ ಸುತ್ತಲಿನ ಬಣ್ಣದೊಂದಿಗೆ ಒಂದಾಗಿಬಿಡುತ್ತದೆ. ಓದಲು ಬಾರದ ರಾಮವ್ವನಿಗೂ ಇದು ಒಂದೇ ನೋಟಕ್ಕೆ ತಿಳಿಯಿತು. ಸುನೀತಾ ಒಂದೊಂದೇ ಬುಟ್ಟಿ ಎತ್ತಿ ಹಿಡಿದಳು. "ಬೆಳ್ಳಗೈತಿ… ಇದೂ ಬೆಳ್ಳಗೈತಿ…" ಎನ್ನುತ್ತ ರಾಮವ್ವ ಕೊನೆಯ ಸೀಸೆಯವರೆಗೂ ನೋಡಿದಳು. ಒಂದೂ ಕೆಟ್ಟಿರಲಿಲ್ಲ.

ಸುನೀತಾ ಉಷ್ಣತೆ ಬರೆಯುವ ವಹಿ ತೆರೆದು ಪೆನ್ನು ಹಿಡಿದು ಯೋಚಿಸಿದಳು. "ಕರೆಂಟ್ ಹೋಗಿತ್ತಂತ ಬರದಬಿಡ್ಲೇನು?"

"ಬ್ಯಾಡ್ರಿ. ರಾಮವ್ವ ಬಂದ್ ಮಾಡಿದ್ಲಂತ ಬರೀರಿ. ಮುಂದ ಯಾರರೆ ಪೂಜಿ ಮಾಡೂವಾಗ ಅವರಿಗೂ ಗೊತ್ತಾಗ್ಲಿ."

ಸುನೀತಾ ಹಾಗೆಯೇ ಬರೆದಳು. ರಾಮವ್ವನ ಜೀವ ಈಗ ಹಗುರಾಗಿತ್ತು, ತಲೆಯೊಳಗಿನ ಪ್ರಶ್ನೆ ಮಾತ್ರ ಹಾಗೇ ಇತ್ತು. "ಅಲ್ರಿ, ಕರೆಂಟಿಲ್ದ ತಂಪ ಹ್ಯಾಂಗ ಉಳೀತು?"

ಸುನೀತಾ ಮತ್ತೆ ಮುಚ್ಚಳವನ್ನು ಸ್ವಲ್ಪ ಎತ್ತಿ ತೋರಿಸಿದಳು. ಒಳಗೋಡೆಯ ಸುತ್ತ ನೀರು ತುಂಬಿದ ಪಟ್ಟಿಗಳಿದ್ದವು. ಕರೆಂಟಿದ್ದಾಗ ಆ ನೀರು ಮಂಜುಗಡ್ಡೆಯಾಗುತ್ತದೆ, ಇಲ್ಲದಾಗ ನಿಧಾನವಾಗಿ ಕರಗುತ್ತ ತಂಪನ್ನು ಕಾಯುತ್ತದೆ. ದಿನಕ್ಕೆ ಎಂಟು ತಾಸು ಕರೆಂಟ್ ಸಿಕ್ಕರೂ ನಡೆಯುವಂತೆ ಮಾಡಿದ್ದಾರೆ ಎಂದಳು.

"ಇದನ್ನ ಮಾಡಿದಾಂವ ಯಾರ್ರಿ?"

"ಹೆಸರು ನನಗೂ ಗೊತ್ತಿಲ್ಲ. ಯಾವ ದೇಶದಾಂವ ಅನ್ನೂದೂ ಗೊತ್ತಿಲ್ಲ."

"ಯಾವ ದೇಶದಾಂವರೆ ಆಗ್ಲಿ, ಅಂವನ ಹೊಟ್ಟಿ ತಣ್ಣಗಿರಲಿ. ನಮ್ಮೂರ ಕರೆಂಟಿನ ಹಣೇಬರ ಅಂವಗ ಚಲೋ ಗೊತ್ತಿತ್ತ ನೋಡ್ರಿ" ಎಂದ ರಾಮವ್ವ, ಇನ್ನಷ್ಟು ಬಗ್ಗಿ ಆ ಪಟ್ಟಿಗಳನ್ನು ಎಣಿಸತೊಡಗಿದಳು.

"ಸರೀ ಆಕಡಿ, ತಂಪೆಲ್ಲಾ ಹೊರಗ ಹೊಂಟೈತಿ!" ಎಂದು ಸುನೀತಾ ಅವಳ ತಲೆಯನ್ನೇ ಪಕ್ಕಕ್ಕೆ ಸರಿಸಿ ಮುಚ್ಚಳ ಹಾಕಬೇಕಾಯಿತು.