ಹಲ್ಲಿಲ್ಲದ ಹುಲಿಯೂ ಪರದೇಶದ ದೇವರೂ

ಹೊಳಲ್ಕೆರೆಯ ಶಾಲೆಯೊಂದರಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಚಿತ್ರಲಿಂಗಪ್ಪ ಮೇಷ್ಟ್ರು ಬುದ್ಧಿ ಬಂದಾಗಿನಿಂದ ಸೋಲುತ್ತಲೇ ಬಂದವರು, ಅದೂ ಒಬ್ಬರ ಕೈಯಲ್ಲೇ. ಹಿರೇಗುಂಟನೂರಿನಲ್ಲಿ ಕುರಿ ಸಾಕಿಕೊಂಡಿದ್ದ ಅಕ್ಕ ಓಬಕ್ಕನ ಜಗಲಿಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳಿದ್ದವು. ಭಾನುವಾರ ಬಸ್ಸಿಳಿದು ಬಂದ ಮೇಷ್ಟ್ರು ಹುಲಿ ಹಿಡಿಯುತ್ತಿದ್ದರು, ಅಕ್ಕ ಕುರಿ. ಕುರಿಯೆಂದರೆ ಹುಣಸೆಬೀಜ. ಸಂಜೆ ಮಂದೆಯನ್ನು ಹಟ್ಟಿಗೆ ಕೂಡುವಂತೆಯೇ ಅವಳು ಬೀಜಗಳನ್ನು ಒತ್ತೊತ್ತಾಗಿ ಇಡುತ್ತಿದ್ದಳು. ಕುರಿಯನ್ನು ಹಾರಿ ತಿನ್ನಲು ಖಾಲಿ ಮನೆ ಸಿಗದೆ ಹುಲಿಗಳು ಕಟ್ಟಿಬೀಳುತ್ತಿದ್ದವು.

“ಬಂತು ನೋಡ್ರಿ ಹಲ್ಲಿಲ್ಲದ ಹುಲಿ,” ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕರೆಯುತ್ತಿದ್ದಳು. ಮೇಷ್ಟ್ರು ಸಹಿಸಿಕೊಂಡಿದ್ದರು. ಆದರೆ ಎಪ್ಪತ್ನಾಲ್ಕನೇ ಇಸವಿಯಲ್ಲಿ ತಮ್ಮ ಮಗಳ ಮದುವೆಯಾಗಿ, ಯುಗಾದಿಗೆ ಶ್ರೀರಾಂಪುರದ ಹೊಸ ಬೀಗರು ಅಕ್ಕನ ಮನೆಗೆ ಊಟಕ್ಕೆ ಬರುವುದಾಯಿತು. ಅಷ್ಟರೊಳಗೆ ಆ ಹೆಸರು ಸಾಯಬೇಕಿತ್ತು.

“ಒಂದ್ಸಲ ನಾನು ಗೆದ್ರೆ ಆ ಹೆಸ್ರು ಬಿಡ್ತೀಯೇನಕ್ಕ?”

“ಬಿಡ್ತೀನಿ. ಸೋತ್ರೆ ಬೀಗ್ರಿಗೂ ಹೇಳ್ತೀನಿ.”

“ಹುಲಿ ಕಡೆ ಹೊಸ ಕಾಯಿ ಸೇರಿಸ್ಕಂತೀನಿ.”

“ಆನೇನೇ ತಗಂಬಾರಪ್ಪ.”

ಮೇಷ್ಟ್ರು ದೇವರನ್ನೇ ಕಾಯಿ ಮಾಡುವುದೆಂದು ಶಾಲೆಯ ಬೀರುವಿನಿಂದ ಲೋಕದ ಪುರಾಣಗಳ ಪುಸ್ತಕ ತೆಗೆದರು. ನಮ್ಮ ದೇವರ ಗುಣಾವಗುಣವೆಲ್ಲ ಅಕ್ಕನಿಗೆ ಗೊತ್ತು, ಹೊರಗಿನವರೇ ಆಗಬೇಕು. ಗ್ರೀಕರ ಕಡಲದೇವರನ್ನು ಆರಿಸಿ, ನೀರಿಲ್ಲದ ದುರ್ಗದ ಸೀಮೆಯಲ್ಲಿ ಅವನು ಈಜುವುದೆಲ್ಲಿ ಎಂದು ಬಿಟ್ಟರು. ಹಿಮನಾಡಿನ ಸುತ್ತಿಗೆಯ ದೇವರು ಎಷ್ಟು ತಿದ್ದಿದರೂ ಊರ ಕಮ್ಮಾರ ಬೋರಣ್ಣನಂತೆಯೇ ಕಂಡ. ಕೊನೆಗೆ ಉಳಿದವರು ಮೂವರು: ದೂರದಿಂದಲೇ ಹೊಡೆಯುವ ಗ್ರೀಕರ ಸಿಡಿಲದೇವರು, ಎರಡು ಕುರಿಗಳನ್ನು ಒಟ್ಟಿಗೆ ಹಾರುವ ಈಜಿಪ್ಟಿನ ಬೆಕ್ಕಿನ ದೇವಿ, ಎತ್ತ ಬೇಕಾದರೂ ಹರಿಯುವ ಚೀನಾದ ಮಳೆಹಾವು. ಮೂವರನ್ನೂ ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದರು. ಬೆಕ್ಕಿಗೆ ಪೊರಕೆ ಕಡ್ಡಿಯ ಮೀಸೆ.

ಓಬಕ್ಕ ಗೊಂಬೆಗಳನ್ನು ತಿರುಗಿಸಿ ನೋಡಿದಳು. “ಇವು ದೇವ್ರೇನಾ?”

“ದೇವ್ರೇ.”

“ಮನೆದೇವ್ರನ್ನ ಕೇಳ್ದಂಗೆ ಒಳಗೆ ತರ್ತಾರೇನ್ಲೇ? ನಡಿ, ಹೂ ಕೇಳಾಣ.”

ಒದ್ದೆ ಹೂವನ್ನು ಮನೆದೇವರ ಮೇಲಿಟ್ಟು ಇಬ್ಬರೂ ಕೈಮುಗಿದು ನಿಂತರು. ಮೂವರ ಹೆಸರಿಗೂ ಹೂ ಬಲಕ್ಕೇ ಬಿತ್ತು. ದೇವರೇ ತಮ್ಮ ಕಡೆಯೆಂದು ಮೇಷ್ಟ್ರು ಹಿಗ್ಗಿ ಆಟಕ್ಕೆ ಕುಳಿತರು, ಸಿಡಿಲದೇವರನ್ನು ಎತ್ತಿ ಒಂದು ಕುರಿಯತ್ತ ತಂದರು.

“ಕೈ ತೆಗಿ,” ಎಂದಳು ಓಬಕ್ಕ. “ಅಪ್ಪಣೆ ಆದ್ಮೇಲೆ ಇವ್ರು ನಮ್ಮನೆ ದೇವ್ರು. ದೇವ್ರು ನಾವು ಕೊಟ್ಟ ಕುರೀನ ತಗಂತೈತೆ. ತಾನೇ ಬಾಯಿ ಹಾಕಿದ್ರೆ ಅದು ತೋಳ.”

“ಹಂಗಾರೆ ಒಂದು ಕೊಡು.”

“ನಾನೇನು ಹರಕೆ ಹೊತ್ತಿದ್ನಾ?”

“ಇವ್ರನ್ನ ತೆಗೆದುಬಿಡ್ತೀನಿ ಬಿಡು.”

“ಕುಂತ ದೇವ್ರನ್ನ ಎಬ್ಬಿಸ್ತಾರೇನೋ, ಓದ್ದೋನೇ?”

ಮೂವರು ದೇವರು ಮೂರು ಮನೆ ಹಿಡಿದು ಕದಲದೆ ಕುಳಿತರು. ಉಳಿದ ಮನೆಗಳನ್ನು ಹುಣಸೆಬೀಜ ತುಂಬಿತು. ಹುಲಿಗಳು ಎಂದಿಗಿಂತ ಬೇಗ ಕಟ್ಟಿಬಿದ್ದವು.

ಯುಗಾದಿಯಂದು ಬೀಗರಾದ ಚಿಕ್ಕತಿಮ್ಮಪ್ಪ ಹೋಳಿಗೆ ಮುಗಿಸಿ ಕೈತೊಳೆದು, ದೇವರಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಮೀಸೆಯ ಬೆಕ್ಕನ್ನೂ ಉಳಿದಿಬ್ಬರನ್ನೂ ಕಂಡರು. “ಇವ್ಯಾವ ದೇವ್ರು ಓಬಕ್ಕ?”

ಹೆಸರು ಈಗ ಹೊರಬಿತ್ತೆಂದು ಮೇಷ್ಟ್ರು ಬಾಗಿಲತ್ತ ಸರಿದರು. ಓಬಕ್ಕ ತಮ್ಮನ ಮುಖವನ್ನೊಮ್ಮೆ ನೋಡಿದಳು.

“ನನ್ ತಮ್ಮನ ಕಡೆಯೋರು. ಆಟಕ್ಕೆ ಬಂದೋರು ಇಲ್ಲೇ ಉಳ್ಕಂಡ್ರು,” ಎಂದು ಜಗಲಿಯತ್ತ ಕೈತೋರಿಸಿದಳು. “ಬರ್ರಿ ಬೀಗ್ರೆ, ಕುಂತ್ಕಳ್ರಿ. ಹುಲಿ ನೀವೇ ಹಿಡೀರಿ.”

ಮೇಷ್ಟ್ರು ತಾವಾಗಿಯೇ ಹೋಗಿ ಹುಣಸೆಬೀಜ ತಂದುಕೊಟ್ಟರು. ಬೀಗರು ಸಂಜೆ ಬಸ್ಸು ಹತ್ತುವ ಹೊತ್ತಿಗೆ ಹಲ್ಲಿಲ್ಲದ ಹುಲಿಗಳು ಎರಡಾಗಿದ್ದವು.